ಕಾಂಡ್ಲಾ ಗಿಡವೂ ನೀರಿನ ದಾರಿಯೂ



ನಮ್ಮಲ್ಲಿ ಅನೇಕರು ಉಪ್ಪುನೀರ ಹೊಳೆಗಳ ಬದಿಯಲ್ಲಿ ಮನೆಮಾಡಿಕೊಂಡಿರುವವರು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನದಿಗಳು ಸಮುದ್ರವನ್ನು ಕೂಡುವಲ್ಲಿಯೂ, ಕುಂದಾಪುರದ ಬಳಿ ಐದು ಹೊಳೆಗಳು ಒಂದಾಗುವ ಪಂಚಗಂಗಾವಳಿಯಲ್ಲಿಯೂ, ಕೆಸರಿನಲ್ಲಿ ಕಾಲೂರಿಕೊಂಡು ನಿಂತಿರುವ ಹಸುರು ಗಿಡಗಳನ್ನು ನೀವು ಕಂಡಿರುವಿರಿ. ನಮ್ಮ ಕರಾವಳಿಯವರು ಅದನ್ನು ಕಾಂಡ್ಲಾ ಎನ್ನುತ್ತಾರೆ; ಮಲೆಯಾಳದವರು ಕಂಡಲ್ ಎನ್ನುತ್ತಾರೆ. ದಿನಾಲು ಕಾಣುವ ವಸ್ತುವನ್ನು ಮನುಷ್ಯನು ವಿಚಾರಿಸಿ ನೋಡುವದು ಕಡಿಮೆ. ಆದಕಾರಣ ಈ ಗಿಡದ ಸ್ವಭಾವವೇನು, ಅದರಿಂದಾಗುವ ಪ್ರಯೋಜನವೇನು, ಅದು ನಾಶವಾದಲ್ಲಿ ಊರವರು ಕೂಡಿ ಅದನ್ನು ಪುನಃ ಹೇಗೆ ಬೆಳೆಯಿಸಬಹುದು ಎಂಬ ಸಂಗತಿಗಳನ್ನು ಈ ಪಾಠದಲ್ಲಿ ಬರೆಯುತ್ತೇವೆ. ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಂಡು ಆರಂಭಿಸುವದು ಯುಕ್ತವಾಗಿದೆ.

ನಮ್ಮ ತಪ್ಪು

ಕೆಲವು ವರುಷಗಳ ಕೆಳಗೆ ಅಳಿವೆಯ ಬದಿಯ ಒಂದು ಹಳ್ಳಿಯಲ್ಲಿ ಹೊಳೆಯ ದಂಡೆ ಕೊರೆದುಹೋಗುವದನ್ನು ಕಂಡು, ಕಾಂಡ್ಲಾ ನೆಟ್ಟರೆ ದಂಡೆ ನಿಂತೀತೆಂದು ನಾವು ಎಣಿಸಿದೆವು. ಶಾಲೆಯ ಮಕ್ಕಳನ್ನೂ ಕೆಲವು ಯೌವನಸ್ಥರನ್ನೂ ಕೂಡಿಸಿಕೊಂಡು, ಒಂದು ಶನಿವಾರ ಇಳಿತದ ಹೊತ್ತಿಗೆ ಕೆಸರಿಗಿಳಿದು, ಸಾವಿರದಷ್ಟು ಕಾಂಡ್ಲಾ ಕಾಯಿಗಳನ್ನು ಸಾಲುಸಾಲಾಗಿ ನೆಟ್ಟೆವು. ನೋಡಲಿಕ್ಕೆ ಬಹು ಅಂದವಾಗಿತ್ತು, ಎಲ್ಲರೂ ಸಂತೋಷಪಟ್ಟರು. ಆದರೆ ಒಂದು ವರುಷ ತುಂಬುವದರೊಳಗೆ ಎಣಿಸಿ ನೋಡಲಾಗಿ ನೂರು ಗಿಡಗಳೂ ಉಳಿದಿರಲಿಲ್ಲ. ಕೆಲವು ತೇಲಿಹೋಗಿದ್ದವು, ಕೆಲವು ತಮಗೆ ಅಂಟಿಕೊಂಡ ಚಿಪ್ಪಿನ ಜಂತುಗಳ ಭಾರಕ್ಕೆ ಬಾಗಿ ಬಿದ್ದಿದ್ದವು, ಮಿಕ್ಕವು ಕಪ್ಪಾಗಿ ಕೊಳೆತುಹೋಗಿದ್ದವು.

ನಾವು ದಂಡೆಯ ಮೇಲೆ ನಿಂತು ಚಿಂತಿಸುತ್ತಿರಲಾಗಿ, ಹೊಳೆಯಲ್ಲಿ ಬೆಳಚು ಹೆಕ್ಕಿ ಜೀವನಮಾಡುವ ಒಬ್ಬ ಮುದುಕಿಯು ಬುಟ್ಟಿಯನ್ನು ಕೆಳಗಿಟ್ಟು ನಮ್ಮ ಬಳಿಗೆ ಬಂದಳು. "ಮಾಸ್ತರೇ, ನೆಡುವ ಮುಂಚೆ ನಮ್ಮನ್ನು ಒಂದು ಮಾತು ಕೇಳಬಹುದಿತ್ತು" ಎಂದಳು. "ಆ ಜಾಗದಲ್ಲಿ ನಮ್ಮ ಅಜ್ಜಿಯ ಕಾಲದಲ್ಲಿಯೂ ಕಾಂಡ್ಲಾ ಇರಲಿಲ್ಲ. ಅಲ್ಲಿ ನೀರು ಬಹಳ ಹೊತ್ತು ನಿಲ್ಲುತ್ತದೆ. ಅದು ಬೆಳಚಿನ ಜಾಗ. ನೀವು ನೆಟ್ಟ ಸಾಲುಗಳ ನಡುವೆ ಕೈಯಾಡಿಸಲಿಕ್ಕಾಗದೆ ನಮ್ಮ ಬುಟ್ಟಿ ಎರಡು ತಿಂಗಳು ಅರ್ಧವೇ ತುಂಬಿತು. ಕಾಂಡ್ಲಾ ಇದ್ದದ್ದು ಅಲ್ಲಿ, ರಸ್ತೆಯ ಆಚೆ. ರಸ್ತೆ ಎತ್ತರಿಸಿದ ಮೇಲೆ ಅಲ್ಲಿಗೆ ನೀರು ಹೋಗುವದಿಲ್ಲ. ಗಿಡ ತಾನಾಗಿ ಸತ್ತದ್ದಲ್ಲ, ನೀರು ನಿಂತದ್ದು."

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಉಪಕಾರಮಾಡಲು ಹೋಗಿ ಬಡವರ ಬುಟ್ಟಿಯನ್ನು ಬರಿದುಮಾಡಿದೆವಲ್ಲಾ ಎಂದು ನಾಚಿಕೆಪಟ್ಟೆವು. ಆ ದಿವಸದಿಂದ ಕಲಿತದ್ದನ್ನು ಈಗ ನಿಮ್ಮ ಮುಂದೆ ಇಡುತ್ತೇವೆ.

೧. ಗಿಡದ ಸ್ವಭಾವ

ಕಾಂಡ್ಲಾ ಎಂಬದು ಒಂದೇ ಜಾತಿಯಲ್ಲ. ನಮ್ಮ ಹೊಳೆಗಳಲ್ಲಿ ಹಲವು ಜಾತಿಗಳುಂಟು. ಅವುಗಳಲ್ಲಿ ಎರಡನ್ನು ತಿಳುಕೊಂಡರೆ ಈ ಪಾಠಕ್ಕೆ ಸಾಕು. ಮೊದಲನೆಯದು ಕೊಂಬೆಗಳಿಂದಲೂ ಕಾಂಡದಿಂದಲೂ ಬಿಲ್ಲಿನಂತೆ ಬಾಗಿದ ಬೇರುಗಳನ್ನು ಇಳಿಸಿ, ಮರಗಾಲಿನ ಮೇಲೆ ನಿಂತಂತೆ ಕಾಣುವ ದೊಡ್ಡ ಕಾಂಡ್ಲಾ. ಇದರ ಬೀಜವು ತಾಯಿಮರದಲ್ಲಿಯೇ ಮೊಳೆತು, ನುಗ್ಗೆಕಾಯಿಯಂತೆ ಉದ್ದವಾಗಿ ತೂಗಿ, ಬೆಳೆದ ಮೇಲೆ ಕೆಳಗೆ ಬೀಳುತ್ತದೆ. ಕೆಸರಿಗೆ ಬಿದ್ದರೆ ಊರಿಕೊಳ್ಳುತ್ತದೆ, ನೀರಿಗೆ ಬಿದ್ದರೆ ತೇಲುತ್ತಾ ಹೋಗಿ ತಕ್ಕ ನೆಲ ಸಿಕ್ಕಿದಲ್ಲಿ ಬೇರುಬಿಡುತ್ತದೆ. ಎರಡನೆಯದು, ತನ್ನ ಸುತ್ತಲೂ ಕೆಸರಿನಿಂದ ಸೀಸದಕಡ್ಡಿಯಂಥ ಬೇರುಗಳನ್ನು ಮೇಲಕ್ಕೆ ಎಬ್ಬಿಸುವ ಜಾತಿ. ಇದರ ಎಲೆಯನ್ನು ನಾಲಿಗೆಗೆ ತಾಗಿಸಿದರೆ ಉಪ್ಪಾಗಿರುತ್ತದೆ. ಯಾಕಂದರೆ ಬೇರಿನಿಂದ ಬಂದ ಉಪ್ಪನ್ನು ಈ ಗಿಡವು ಎಲೆಯ ಮೂಲಕ ಹೊರಗೆ ಹಾಕುತ್ತದೆ.

ಬೇರುಗಳು ಹೀಗೆ ಮೇಲಕ್ಕೆ ಬರುವದಕ್ಕೆ ಕಾರಣವೇನು? ಹೊಳೆಯ ಕೆಸರಿನಲ್ಲಿ ಗಾಳಿಯಿಲ್ಲ. ಇತರ ಗಿಡಗಳ ಬೇರು ಅಲ್ಲಿ ಉಸಿರುಕಟ್ಟಿ ಸಾಯುವದು. ಕಾಂಡ್ಲಾವಾದರೋ ಇಳಿತದ ಹೊತ್ತಿನಲ್ಲಿ ನೀರಿನ ಮೇಲೆ ಕಾಣುವ ಬೇರುಗಳಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆದಕಾರಣ ಅದಕ್ಕೆ ಭರತವೂ ಬೇಕು, ಇಳಿತವೂ ಬೇಕು. ಭರತವು ಬಾರದಿದ್ದರೆ ಬಿಸಿಲಿಗೆ ಮಣ್ಣು ಒಣಗಿ ಉಪ್ಪು ಮಿತಿಮೀರಿ ಗಿಡ ಸುಡುತ್ತದೆ. ನೀರು ಇಳಿಯದೆ ನಿಂತರೆ ಬೇರು ಉಸಿರುಕಟ್ಟಿ ಗಿಡ ಕೊಳೆಯುತ್ತದೆ. ಅಮೆರಿಕದ ಫ್ಲೋರಿಡಾ ಸೀಮೆಯಲ್ಲಿ ಈ ಗಿಡಗಳ ಸಂಗತಿಯನ್ನು ಬಹುಕಾಲ ಪರೀಕ್ಷಿಸಿದ ರಾಬಿನ್ ಲೂಯಿಸ್ ಎಂಬ ಪಂಡಿತನು ಒಂದು ಅಳತೆಯನ್ನು ಹೇಳಿದನು. ಒಟ್ಟು ಕಾಲದ ನೂರು ಪಾಲಿನಲ್ಲಿ ಸುಮಾರು ೩೦ ಪಾಲು, ಇಲ್ಲವೆ ಅದಕ್ಕಿಂತ ಕಡಿಮೆ ಹೊತ್ತು ನೀರಿನಲ್ಲಿ ಮುಳುಗುವ ನೆಲದಲ್ಲಿ ಮಾತ್ರ ಕಾಂಡ್ಲಾ ಚೆನ್ನಾಗಿ ಬೆಳೆಯುತ್ತದೆ ಎಂಬದೇ ಅದು. ದಿನದ ೨೪ ತಾಸುಗಳಲ್ಲಿ ಇದು ಏಳು ತಾಸುಗಳಷ್ಟಾಗುತ್ತದೆ. ನಾವು ನೆಟ್ಟ ಜಾಗವು ದಿನದ ಹೆಚ್ಚಿನ ಪಾಲು ನೀರಿನಲ್ಲಿಯೇ ಇರುತ್ತಿತ್ತು. ಮುದುಕಿಯು ತಾಸುಗಳನ್ನು ಲೆಕ್ಕಹಾಕಿರಲಿಲ್ಲ. ಆದರೂ ಆಕೆಯ ಕಾಲುಗಳು ಆ ಲೆಕ್ಕವನ್ನು ಬಲ್ಲವು.

೨. ಗಿಡದಿಂದಾಗುವ ಪ್ರಯೋಜನ

ಕಾಂಡ್ಲಾದ ಎಲೆಗಳು ಕೆಸರಿಗೆ ಬಿದ್ದು ಕೊಳೆಯುತ್ತವೆ. ಏಡಿಗಳೂ ಸಣ್ಣ ಜಂತುಗಳೂ ಅದನ್ನು ತಿನ್ನುತ್ತವೆ. ಅವುಗಳನ್ನು ಮೀನು ತಿನ್ನುತ್ತದೆ. ಬೇರುಗಳ ಸಂದಿಯಲ್ಲಿ ಸೀಗಡಿಯ ಮರಿಗಳೂ ಮೀನಿನ ಮರಿಗಳೂ ದೊಡ್ಡ ಮೀನುಗಳ ಬಾಯಿಗೆ ಬೀಳದೆ ಬೆಳೆಯುತ್ತವೆ. ಹೀಗಿರಲಾಗಿ, ಸಮುದ್ರದಲ್ಲಿ ಬಲೆಗೆ ಬೀಳುವ ಎಷ್ಟೋ ಮೀನುಗಳಿಗೆ ಬಾಲ್ಯದ ಮನೆ ಹೊಳೆಯ ಕಾಂಡ್ಲಾವೇ ಆಗಿರುತ್ತದೆ. ಬೇರುಗಳು ಹರಿದುಬರುವ ಮಣ್ಣನ್ನು ತಡೆದು ದಂಡೆಯನ್ನು ಕಟ್ಟುತ್ತವೆ.

ಬಿರುಗಾಳಿಯ ಕಾಲದಲ್ಲಿ ಇದರ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ೧೯೯೯ನೇ ಅಕ್ಟೋಬರ್ ೨೯ರಂದು ಒಡಿಶಾದ ಕರಾವಳಿಗೆ ಮಹಾ ಚಂಡಮಾರುತವು ಬಡಿದು ಸಾವಿರಾರು ಜನರು ಸತ್ತರು. ಆ ಸೀಮೆಯ ಕೇಂದ್ರಪಡಾ ಜಿಲ್ಲೆಯ ಹಳ್ಳಿಗಳನ್ನು ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್ ಎಂಬವರು ವಿಚಾರಿಸಿ ೨೦೦೯ರಲ್ಲಿ ಪ್ರಕಟಿಸಿದ್ದೇನಂದರೆ: ಊರಿಗೂ ಸಮುದ್ರಕ್ಕೂ ನಡುವೆ ಅಗಲವಾದ ಕಾಂಡ್ಲಾ ಕಾಡು ಉಳಿದಿದ್ದ ಹಳ್ಳಿಗಳಲ್ಲಿ, ಅದು ಇಲ್ಲದ ಅಥವಾ ಕಿರಿದಾಗಿದ್ದ ಹಳ್ಳಿಗಳಿಗಿಂತ ಕಡಿಮೆ ಜನರು ಸತ್ತರು. ಸರಕಾರದವರು ಮುಂಚಿತವಾಗಿ ಕೊಟ್ಟ ಎಚ್ಚರಿಕೆಯು ಕಾಡಿಗಿಂತಲೂ ಹೆಚ್ಚು ಜೀವಗಳನ್ನು ಉಳಿಸಿತೆಂದೂ ಅವರು ಹೇಳಿದರು. ಆದದರಿಂದ ಕಾಂಡ್ಲಾ ಇದೆಯೆಂದು ಎಚ್ಚರಿಕೆಯನ್ನು ಕೇಳದೆ ಮನೆಯಲ್ಲಿ ಕೂತುಕೊಳ್ಳುವದು ಬುದ್ಧಿಹೀನತೆ. ಎಚ್ಚರಿಕೆ ಬರುತ್ತದೆಂದು ಕಾಂಡ್ಲಾವನ್ನು ಕಡಿದುಹಾಕುವದೂ ಬುದ್ಧಿಹೀನತೆಯೇ.

ಇಷ್ಟು ಬೆಲೆಯುಳ್ಳ ಕಾಡು ನಮ್ಮಲ್ಲಿ ಎಷ್ಟಿದೆ? ೨೦೨೧ರ ಅರಣ್ಯ ವರದಿಯ ಪ್ರಕಾರ ಭಾರತದಲ್ಲಿ ೪,೯೯೨ ಚದರ ಕಿಲೋಮೀಟರು. ಅದರಲ್ಲಿ ಕರ್ನಾಟಕದ ಪಾಲು ಬರೀ ೧೩ ಚದರ ಕಿಲೋಮೀಟರು. ಸ್ವಲ್ಪವೇ ಇರುವವನು ಹೆಚ್ಚು ಜಾಗ್ರತೆಯಾಗಿರಬೇಕಲ್ಲವೇ?

೩. ಅದು ನಾಶವಾದ ಬಗೆ

ಸೌದೆಗಾಗಿ ಕಡಿದದ್ದೂ ದನಗಳು ಮೇದದ್ದೂ ನಾಶಕ್ಕೆ ಕಾರಣವೆಂದು ಸಾಧಾರಣವಾಗಿ ಹೇಳುತ್ತಾರೆ. ಅದು ಸತ್ಯವೇ, ಆದರೆ ಪೂರ್ಣ ಸತ್ಯವಲ್ಲ. ಅಘನಾಶಿನಿಯ ಬದಿಯ ಗಜನಿ ಗದ್ದೆಗಳನ್ನು ನೋಡಿರಿ. ಅಲ್ಲಿಯ ರೈತರು ಮಳೆಗಾಲದಲ್ಲಿ ಉಪ್ಪನ್ನು ತಾಳುವ ಕಗ್ಗ ಭತ್ತವನ್ನು ಬೆಳೆದು, ಕೊಯ್ಲಾದ ಮೇಲೆ ಹೊಳೆಯ ನೀರನ್ನು ಒಳಗೆ ಬಿಟ್ಟು ಮೀನು ಸೀಗಡಿಗಳನ್ನು ಹಿಡಿಯುತ್ತಿದ್ದರು. ಒಡ್ಡಿನ ಹೊರಬದಿಯಲ್ಲಿದ್ದ ಕಾಂಡ್ಲಾವು ತೆರೆಯ ಪೆಟ್ಟನ್ನು ತಡೆಯುತ್ತಿತ್ತು. ತರುವಾಯ ಅನೇಕ ಕಡೆಗಳಲ್ಲಿ ಗದ್ದೆಗಳು ವರುಷವಿಡೀ ಸೀಗಡಿ ಸಾಕುವ ಕೊಳಗಳಾದವು. ನೀರಿನ ಹಳೆಯ ದಾರಿಗಳು ಮುಚ್ಚಿದವು. ರೋಗ ಬಂದು ಸೀಗಡಿ ಸತ್ತಾಗ ಕೊಳಗಳು ಪಾಳುಬಿದ್ದವು. ಆದರೆ ಒಡ್ಡುಗಳು ಹಾಗೆಯೇ ನಿಂತವು. ಒಡ್ಡಿನೊಳಗೆ ಭರತವು ಬಾರದಿರುವಲ್ಲಿ ಕಾಂಡ್ಲಾದ ಬೀಜವು ಬರುವದು ಹೇಗೆ?

ಕರಾವಳಿಯ ಸೂಕ್ಷ್ಮ ಪ್ರದೇಶಗಳಲ್ಲಿ ಇಂಥ ಸೀಗಡಿ ಕೊಳಗಳಿರಬಾರದೆಂದು ಸುಪ್ರೀಮ್ ಕೋರ್ಟು ೧೯೯೬ನೇ ದಶಂಬರದಲ್ಲಿ ತೀರ್ಪುಕೊಟ್ಟಿತು. ಅದಕ್ಕೂ ಮೊದಲು, ೧೯೯೧ರ ಕರಾವಳಿ ನಿಯಮಗಳಲ್ಲಿಯೇ ಕಾಂಡ್ಲಾ ನೆಲವು ಅತಿ ಹೆಚ್ಚು ಕಾಪಾಡತಕ್ಕ ನೆಲಗಳ ಸಾಲಿಗೆ ಸೇರಿತ್ತು. ಆದರೂ ಕಾನೂನು ಕಡಿಯುವ ಕೈಯನ್ನು ತಡೆಯಬಲ್ಲದೇ ಹೊರತು, ಮುಚ್ಚಿದ ಕಾಲುವೆಯನ್ನು ತಾನಾಗಿ ಬಿಡಿಸಲಾರದು. ಅದಕ್ಕೆ ಊರವರ ಕೈ ಬೇಕು.

೪. ನೆಟ್ಟರೂ ಯಾಕೆ ಸಾಯುತ್ತದೆ?

ನಮ್ಮ ತಪ್ಪು ನಮ್ಮೊಬ್ಬರದೇ ಅಲ್ಲವೆಂದು ಬಳಿಕ ತಿಳಿದೆವು. ಫಿಲಿಪೀನ್ಸ್ ದ್ವೀಪಗಳಲ್ಲಿ ಹಲವು ದಶಕಗಳ ಕಾಲ ಬಹು ಹಣವನ್ನು ವೆಚ್ಚಮಾಡಿ ಕಾಂಡ್ಲಾ ನೆಟ್ಟರು. ೨೦೦೮ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ, ಸಾಧಾರಣವಾಗಿ ನೂರಕ್ಕೆ ಹತ್ತರಿಂದ ಇಪ್ಪತ್ತು ಗಿಡಗಳು ಮಾತ್ರ ಬದುಕಿದವೆಂದು ಕಂಡುಬಂತು. ಕಾರಣವೇನಂದರೆ, ಕಾಂಡ್ಲಾವು ಸಹಜವಾಗಿ ಬೆಳೆಯುವ ಎತ್ತರದ ನೆಲವೆಲ್ಲ ಮೀನಿನ ಕೊಳಗಳಾಗಿತ್ತು. ಯಾರ ತಕರಾರೂ ಇಲ್ಲದೆ ಸಿಕ್ಕುವ ಜಾಗವೆಂದು ಸಮುದ್ರದ ಬದಿಯ ತಗ್ಗು ಕೆಸರಿನಲ್ಲಿ ನೆಟ್ಟರು. ಅದಲ್ಲದೆ, ಕಾಯಿ ಸುಲಭವಾಗಿ ಸಿಕ್ಕುತ್ತದೆಂದು ಆ ಜಾಗಕ್ಕೆ ಒಗ್ಗದ ದೊಡ್ಡ ಕಾಂಡ್ಲಾವನ್ನೇ ಹಾಕಿದರು. ನಾವೂ ಅದನ್ನೇ ಮಾಡಿದೆವು: ಜಗಳವಿಲ್ಲದ ಜಾಗವನ್ನು ಹುಡುಕಿದೆವು, ಗಿಡಕ್ಕೆ ಬೇಕಾದ ಜಾಗವನ್ನು ಹುಡುಕಲಿಲ್ಲ.

೫. ಸರಿಯಾಗಿ ಮಾಡಿದವರ ದೃಷ್ಟಾಂತಗಳು

ಮೊದಲನೆಯದು ತಮಿಳುನಾಡಿನ ಪಿಚ್ಚಾವರಂ. ಅಲ್ಲಿ ಹಿಂದಿನ ಕಾಲದಲ್ಲಿ ಕಾಡನ್ನು ಪಾಲುಪಾಲಾಗಿ ಪೂರ್ಣವಾಗಿ ಕಡಿಯುತ್ತಿದ್ದರು. ಬೋಳಾದ ನೆಲಕ್ಕೆ ಬಿಸಿಲು ತಗಲಿ ಮಣ್ಣು ಕುಗ್ಗಿ, ನಡುವೆ ದೋಣಿಯಂತೆ ತಗ್ಗಾಯಿತು. ಒಳಗೆ ಬಂದ ನೀರು ಹೊರಗೆ ಹೋಗದೆ ನಿಂತು ಆವಿಯಾಗಿ ಉಪ್ಪು ಹೆಚ್ಚಿತು. ಅಲ್ಲಿ ಯಾವದೂ ಬೆಳೆಯದೆ ಹೋಯಿತು. ಎಂ. ಎಸ್. ಸ್ವಾಮಿನಾಥನ್ ಪ್ರತಿಷ್ಠಾನದವರು ೧೯೯೦ರ ದಶಕದಲ್ಲಿ ಈ ಕಾರಣವನ್ನು ಕಂಡುಹಿಡಿದು, ಅರಣ್ಯ ಇಲಾಖೆಯವರೊಡನೆಯೂ ಹಳ್ಳಿಗಳವರೊಡನೆಯೂ ಕೂಡಿ, ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆಗಳನ್ನು ತೋಡಿಸಿದರು. ನಡುವೆ ದೊಡ್ಡ ಕಾಲುವೆ, ಇಕ್ಕಡೆಗಳಲ್ಲಿ ಓರೆಯಾಗಿ ಚಿಕ್ಕ ಕಾಲುವೆಗಳು. ಭರತದ ನೀರು ಬಂದು ಹೋಗತೊಡಗಿ ಉಪ್ಪು ತೊಳೆದುಹೋಯಿತು. ಆ ಮೇಲೆ ಕಾಲುವೆಗಳ ಬದಿಯಲ್ಲಿ ಗಿಡಗಳನ್ನು ನೆಟ್ಟರು; ಪಾಳುನೆಲವು ಹಸುರಾಯಿತು. ೨೦೦೪ನೇ ದಶಂಬರ ೨೬ರಂದು ಸುನಾಮಿ ಬಂದಾಗ, ಆ ಕಡಲೂರು ಸೀಮೆಯಲ್ಲಿ ಮರಗಳ ಹಿಂದೆ ಇದ್ದ ಊರುಗಳಿಗೆ ಬಯಲಿನಲ್ಲಿದ್ದ ಊರುಗಳಿಗಿಂತ ಕಡಿಮೆ ಹಾನಿಯಾಯಿತೆಂದು ಪರೀಕ್ಷಕರು ಕಂಡರು.

ಎರಡನೆಯದು ಇಂಡೊನೇಸಿಯಾ ದೇಶದ ಸುಲವೇಸಿಗೆ ಸೇರಿದ ತಾನಕೇಕೆ ಎಂಬ ದ್ವೀಪ. ಅಲ್ಲಿಯೂ ಕಾಂಡ್ಲಾವನ್ನು ಕಡಿದು ಕೊಳಗಳನ್ನು ಮಾಡಿದ್ದರು, ಅವು ಪಾಳುಬಿದ್ದವು. ದ್ವೀಪದ ಗಂಡಸರೂ ಹೆಂಗಸರೂ ಕೊಳದ ಯಜಮಾನರೊಂದಿಗೆ ಮಾತಾಡಿ ಒಪ್ಪಿಸಿ, ಗುದ್ದಲಿ ಹಿಡಿದು ಒಡ್ಡುಗಳನ್ನು ಒಡೆದು, ನೀರಿನ ಹಳೆಯ ದಾರಿಗಳನ್ನು ಬಿಡಿಸಿದರು. ಭರತವು ಒಳಗೆ ಬಂದಾಗ ಬೀಜಗಳನ್ನು ತಾನೇ ಹೊತ್ತುತಂದಿತು. ಬೀಜ ಸಾಲದಿದ್ದಲ್ಲಿ ಮಾತ್ರ ಜನರು ತಂದು ಹಾಕಿದರು.

ಮೂರನೆಯದು ನಮ್ಮ ನೆರೆಯ ಕಣ್ಣೂರಿನ ಕಲ್ಲೇನ್ ಪೊಕ್ಕುಡನ್ ಎಂಬವರದು. ಇವರು ಪುಲಯರೆಂಬ ಬಡ ಕೂಲಿಗಾರರ ಕುಲದಲ್ಲಿ ಹುಟ್ಟಿದವರು, ಓದು ಬಹಳವಿರಲಿಲ್ಲ. ಹೊಳೆಯ ಬದಿಯ ಒಡ್ಡಿನ ಮೇಲೆ ಶಾಲೆಗೆ ನಡೆಯುವ ಮಕ್ಕಳು ಮಳೆಗಾಲದ ಗಾಳಿಗೂ ತೆರೆಗೂ ಕಷ್ಟಪಡುವದನ್ನು ಕಂಡು, ೧೯೮೯ರಲ್ಲಿ ಪಳೆಯಂಗಾಡಿಯ ಬಳಿ ಕಂಡಲ್ ಗಿಡಗಳನ್ನು ನೆಡಲಾರಂಭಿಸಿದರು. ೨೦೧೫ರಲ್ಲಿ ತೀರಿಕೊಳ್ಳುವ ತನಕ ಆ ಕೆಲಸವನ್ನು ಬಿಡಲಿಲ್ಲ. ಚಿಕ್ಕಂದಿನಿಂದ ಕೆಸರಿನಲ್ಲಿ ದುಡಿದವರಾದದರಿಂದ, ಯಾವ ಗಿಡಕ್ಕೆ ಯಾವ ನೆಲ ಎಂಬದನ್ನು ಪುಸ್ತಕವಿಲ್ಲದೆ ಬಲ್ಲವರಾಗಿದ್ದರು. ತರುವಾಯ ವಿದ್ವಾಂಸರೇ ಅವರ ಬಳಿಗೆ ಕಲಿಯಲು ಬಂದರು.

ಈ ಮೂರು ದೃಷ್ಟಾಂತಗಳಿಂದ ತಿಳಿಯತಕ್ಕದ್ದೇನಂದರೆ, ನೆಲವನ್ನು ಬಲ್ಲವರನ್ನು ಮೊದಲು ಕೇಳಬೇಕು, ನೀರಿನ ದಾರಿಯನ್ನು ಎರಡನೆಯದಾಗಿ ಬಿಡಿಸಬೇಕು; ನೆಡುವದು ಕಡೆಯ ಕೆಲಸ.

೬. ಊರವರು ಮಾಡತಕ್ಕ ಕ್ರಮ

ಒಂದನೆಯದಾಗಿ, ಬೆಳಚು ಹೆಕ್ಕುವವರು, ಏಡಿ ಹಿಡಿಯುವವರು, ದೋಣಿ ನಡಿಸುವವರು, ಗದ್ದೆಯವರು, ದನ ಮೇಯಿಸುವವರು, ಇವರೆಲ್ಲರನ್ನೂ ಕೂಡಿಸಿ ಕೇಳಿರಿ: ಹಿಂದೆ ಕಾಂಡ್ಲಾ ಎಲ್ಲಿತ್ತು? ಯಾವ ವರುಷದಿಂದ ಇಲ್ಲ? ಆ ವರುಷ ಅಲ್ಲಿ ಏನು ಕಟ್ಟಿದರು? ಹೆಂಗಸರನ್ನು ಹಿಂದೆ ಕೂರಿಸಬೇಡಿರಿ. ಇಳಿತದ ಕೆಸರಿನಲ್ಲಿ ಹೆಚ್ಚು ನಡೆಯುವವರು ಅವರೇ.

ಎರಡನೆಯದಾಗಿ, ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಭರತದಲ್ಲಿಯೂ, ಅಷ್ಟಮಿಯ ಚಿಕ್ಕ ಭರತದಲ್ಲಿಯೂ ನೀರು ಎಲ್ಲಿಯ ವರೆಗೆ ಏರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗೂಟ ನೆಟ್ಟು ಗುರುತಿಸಿರಿ. ಸಮೀಪದಲ್ಲಿ ತಾನಾಗಿ ಬೆಳೆದ ಕಾಂಡ್ಲಾ ಇದ್ದರೆ ಅಲ್ಲಿಯೂ ಹಾಗೆಯೇ ಅಳೆದು ಎರಡನ್ನೂ ಹೋಲಿಸಿರಿ.

ಮೂರನೆಯದಾಗಿ, ಮುಚ್ಚಿದ ಮೋರಿ, ತುಂಬಿದ ಕಾಲುವೆ, ಪಾಳುಬಿದ್ದ ಒಡ್ಡು, ಇವುಗಳಲ್ಲಿ ತಡೆ ಯಾವದೆಂದು ನಿಶ್ಚಯಿಸಿರಿ. ಅಪ್ಪಣೆಯಿಲ್ಲದೆ ಕಡಿಯುವದಾಗಲಿ ತೋಡುವದಾಗಲಿ ಮಾಡಕೂಡದು. ಪಂಚಾಯತಿಗೂ ಅರಣ್ಯ ಇಲಾಖೆಗೂ ಅರ್ಜಿ ಬರೆದು, ನೆಲದ ಯಜಮಾನನ ಒಪ್ಪಿಗೆಯನ್ನು ಪಡೆದು ಕೆಲಸಕ್ಕೆ ಕೈಹಾಕಿರಿ.

ನಾಲ್ಕನೆಯದಾಗಿ, ನೀರು ಬಿಟ್ಟ ಮೇಲೆ ಒಂದು ಮಳೆಗಾಲ ಕಾದು ನೋಡಿರಿ. ಬೀಜವು ತಾನಾಗಿ ಬಂದು ಊರಿಕೊಂಡರೆ ನೆಡುವ ಅಗತ್ಯವಿಲ್ಲ. ಬಾರದಿದ್ದರೆ ಸಮೀಪದ ಹೊಳೆಯ ಬೀಜವನ್ನೇ ಆರಿಸಿ, ಒಂದೇ ಜಾತಿಯನ್ನು ಹಾಕದೆ, ಆಯಾ ಎತ್ತರಕ್ಕೆ ತಕ್ಕ ಜಾತಿಯನ್ನು ನೆಡಿರಿ. ಬೆಳಚಿನ ನೆಲವನ್ನು ಬೆಳಚಿಗೇ ಬಿಡಿರಿ.

ಐದನೆಯದಾಗಿ, ದನಗಳು ಒಳಗೆ ಹೋಗದಂತೆ ಕಾವಲಿನ ಸರದಿಯನ್ನು ಗೊತ್ತುಮಾಡಿರಿ, ವರುಷಕ್ಕೊಮ್ಮೆ ಕಾಲುವೆಯ ಹೂಳನ್ನು ತೆಗೆಯಿರಿ. ನೆಡುವ ದಿವಸ ನೂರು ಜನ ಬರುತ್ತಾರೆ. ಹೂಳು ತೆಗೆಯುವ ದಿವಸ ಬರುವ ಹತ್ತು ಜನರೇ ಕಾಡನ್ನು ಉಳಿಸುವವರು.

೭. ಆ ಹಳ್ಳಿಯಲ್ಲಿ ಮುಂದೆ ಆದದ್ದು

ಮುದುಕಿಯು ತೋರಿಸಿದ ಜಾಗಕ್ಕೆ ನಾವು ಹೋದೆವು. ರಸ್ತೆಯ ಕೆಳಗಿನ ಮೋರಿಯು ಕಲ್ಲು ಮಣ್ಣುಗಳಿಂದ ತುಂಬಿಹೋಗಿತ್ತು. ಅದನ್ನು ಬಿಡಿಸುವದು ನಾಲ್ಕು ದಿನದ ಕೆಲಸ; ಆದರೆ ಅದಕ್ಕೆ ಒಪ್ಪಿಗೆ ಸಿಕ್ಕಲು ಒಂದೂವರೆ ವರುಷ ಹಿಡಿಯಿತು. ಯಾಕಂದರೆ ಆಚೆಯಲ್ಲಿ ಒಬ್ಬ ರೈತನ ಗದ್ದೆಯಿತ್ತು. "ನೀವು ಮೀನಿಗಾಗಿ ನೀರು ಬಿಡುತ್ತೀರಿ, ನನ್ನ ಅನ್ನಕ್ಕೆ ಉಪ್ಪು ಹತ್ತುತ್ತದೆ" ಎಂದು ಅವನು ಹೇಳಿದ್ದು ಅನ್ಯಾಯದ ಮಾತಲ್ಲ. ಬೆಳಚಿನ ಹೆಂಗಸರೂ ಅವನೂ ಮೂರು ಸಾರಿ ಕೂತು, ಮೂರು ಸಾರಿಯೂ ಕೋಪದಿಂದ ಎದ್ದುಹೋದರು. ನಾಲ್ಕನೆಯ ಸಾರಿ ಆ ಮುದುಕಿಯೇ, ಮೊದಲು ಅವನ ಗದ್ದೆಯ ಒಡ್ಡನ್ನು ನಾವೆಲ್ಲರೂ ಸೇರಿ ಎತ್ತರಿಸುವ, ಆಮೇಲೆ ಮೋರಿ ಬಿಡಿಸುವ ಎಂದಳು. ಹಾಗೆಯೇ ಮಾಡಿದೆವು. ಮಣ್ಣು ಹೊತ್ತವರಲ್ಲಿ ಹೆಚ್ಚಿನವರು ಬೆಳಚಿನ ಹೆಂಗಸರು.

ನೀರು ಒಳಗೆ ಹೋದ ಮರು ಮಳೆಗಾಲದಲ್ಲಿ ಒಂದು ಬೀಜವನ್ನೂ ನಾವು ನೆಡಲಿಲ್ಲ. ಆದರೂ ಮಳೆ ನಿಂತ ಮೇಲೆ ಕೆಸರಿನಲ್ಲಿ ಎರಡೆರಡು ಎಲೆಯ ಮೊಳಕೆಗಳು ಅಲ್ಲಲ್ಲಿ ಎದ್ದಿದ್ದವು. ಕೆಲವನ್ನು ದನಗಳು ಮೇದವು. ಆಗ ಕಾವಲಿನ ಸರದಿ ಆರಂಭವಾಯಿತು. ಈಗ ಅವು ಸೊಂಟದೆತ್ತರಕ್ಕೆ ಬಂದಿರುತ್ತವೆ. ರೈತನು ತನ್ನ ಒಡ್ಡಿನ ಬದಿಗೂ ಒಂದು ಸಾಲು ಬರಲಿ ಎನ್ನುತ್ತಾನೆ. ಹೊಳೆಯ ಮೀನು ಹೆಚ್ಚಾಯಿತೆಂದು ಹೇಳಲು ಇನ್ನೂ ಹೊತ್ತಾಗಿಲ್ಲ; ಬೆಳಚಿನ ಬುಟ್ಟಿಯಂತೂ ಮೊದಲಿನಂತೆ ತುಂಬುತ್ತದೆ.

ಪ್ರಿಯರೇ, ನಿಮ್ಮ ಊರಿನಲ್ಲಿಯೂ ಕಾಂಡ್ಲಾ ಸತ್ತ ಜಾಗವಿದ್ದರೆ, ಗಿಡ ತರಲು ಓಡುವ ಮುಂಚೆ, ಅಲ್ಲಿ ನೀರು ಯಾವಾಗ ನಿಂತಿತೆಂದು ಬಲ್ಲವರ ಮನೆಗೆ ಹೋಗಿರಿ.

ಪಾಠದ ಪ್ರಶ್ನೆಗಳು

೧. ಕಾಂಡ್ಲಾದ ಬೇರುಗಳು ಕೆಸರಿನಿಂದ ಮೇಲಕ್ಕೆ ಬರುವದು ಯಾಕೆ?

೨. ಪಿಚ್ಚಾವರಂ ಎಂಬಲ್ಲಿ ಗಿಡ ಬೆಳೆಯದೆ ಹೋದದ್ದಕ್ಕೆ ಕಾರಣವೇನು? ಅದನ್ನು ಹೇಗೆ ಪರಿಹರಿಸಿದರು?

೩. ಫಿಲಿಪೀನ್ಸಿನಲ್ಲಿ ನೆಟ್ಟ ಗಿಡಗಳಲ್ಲಿ ಹೆಚ್ಚಿನವು ಯಾಕೆ ಸತ್ತವು?

೪. ರೈತನ ಮಾತಿಗೂ ಬೆಳಚಿನ ಹೆಂಗಸರ ಮಾತಿಗೂ ಹೇಗೆ ಸಮಾಧಾನವಾಯಿತು?

೫. ನಿಮ್ಮ ಊರಿನ ಹೊಳೆಯಲ್ಲಿ ನೀರಿನ ಹಳೆಯ ದಾರಿಗಳು ಯಾವವು? ಅವುಗಳಲ್ಲಿ ಮುಚ್ಚಿರುವವೆಷ್ಟು? ಮನೆಯ ಹಿರಿಯರನ್ನು ಕೇಳಿ ಬರೆಯಿರಿ.